ಅಂಕಣದ ಹೊರಗೆ ನಿಂತವರು: ವಾಲಿಬಾಲ್ ತರಬೇತುದಾರರಿಂದ ಕಲಿಯಬಹುದಾದ ಪಾಠಗಳು



ನಿಮ್ಮಲ್ಲಿ ವಾಲಿಬಾಲ್ ಆಡದವರು ಇರಬಹುದು, ನೋಡದವರು ಇರಲಾರರು. ದೊಡ್ಡ ಮೈದಾನವಿಲ್ಲದ ಶಾಲೆಯಲ್ಲೂ ಎರಡು ಕಂಬ ನೆಟ್ಟು, ಒಂದು ಬಲೆ ಕಟ್ಟಿ, ಒಂದು ಚೆಂಡು ತಂದರೆ ಹನ್ನೆರಡು ಮಂದಿ ಆಡಬಹುದು. ಈ ಆಟವನ್ನು 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ವ್ಯಾಯಾಮ ಶಿಕ್ಷಕ ವಿಲಿಯಂ ಮಾರ್ಗನ್ ರೂಪಿಸಿದರು. 1964ರಲ್ಲಿ ಅದು ಒಲಿಂಪಿಕ್ ಕ್ರೀಡೆಗಳಿಗೆ ಸೇರಿತು.

ಈ ದಿನ ನಾನು ಆಟಗಾರರ ಬಗ್ಗೆ ಮಾತನಾಡುವುದಿಲ್ಲ. ಅಂಕಣದ ಗೆರೆಯ ಹೊರಗೆ ನಿಂತು, ಚೆಂಡನ್ನು ಒಮ್ಮೆಯೂ ಮುಟ್ಟದೆ, ಸೋಲು ಗೆಲುವುಗಳೆರಡರ ಹೊಣೆಯನ್ನೂ ಹೊರುವ ತರಬೇತುದಾರರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವರ ಅನುಭವ ಆಟಕ್ಕೆ ಮಾತ್ರವಲ್ಲ, ನಿಮ್ಮ ಓದಿಗೂ ಮುಂದಿನ ಬಾಳಿಗೂ ಉಪಯೋಗವಾಗುವಂಥದು.

ಮೊದಲು ಜಪಾನಿಗೆ ಹೋಗೋಣ. ಒಸಾಕಾ ನಗರದ ಬಳಿಯ ಕೈಜುಕಾ ಎಂಬಲ್ಲಿ ನಿಚಿಬೋ ಎಂಬ ಬಟ್ಟೆ ಗಿರಣಿಯಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳ ತಂಡಕ್ಕೆ ಹಿರೋಬುಮಿ ದೈಮಾತ್ಸು ತರಬೇತುದಾರರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಹೋರಾಡಿ ಬದುಕಿ ಬಂದವರು ಅವರು. ಹುಡುಗಿಯರು ಹಗಲು ಗಿರಣಿಯ ಕೆಲಸ ಮುಗಿಸಿ ಅಭ್ಯಾಸಕ್ಕೆ ಇಳಿದರೆ ಎಷ್ಟೋ ದಿನ ಮಧ್ಯರಾತ್ರಿಯಾಗುತ್ತಿತ್ತು. ಎದುರಾಳಿಗಳಾದ ಸೋವಿಯತ್ ಆಟಗಾರ್ತಿಯರು ಎತ್ತರದಲ್ಲೂ ಬಲದಲ್ಲೂ ಹೆಚ್ಚಿನವರು. ಎತ್ತರವನ್ನು ಅಭ್ಯಾಸದಿಂದ ಗಳಿಸಲಾಗುವುದಿಲ್ಲ. ಆದ್ದರಿಂದ ದೈಮಾತ್ಸು ಬೇರೆ ದಾರಿ ಹುಡುಕಿದರು. ನೆಲಕ್ಕೆ ಹಾರಿ ಚೆಂಡನ್ನು ಎತ್ತಿ, ಹೆಗಲ ಮೇಲೆ ಉರುಳಿ, ಮರುಗಳಿಗೆಯಲ್ಲಿ ಎದ್ದು ನಿಲ್ಲುವ ವಿದ್ಯೆಯನ್ನು ಕಲಿಸಿದರು. ಎದುರಾಳಿ ಎಷ್ಟೇ ಬಲವಾಗಿ ಹೊಡೆದರೂ ಚೆಂಡು ನೆಲ ಮುಟ್ಟದಿದ್ದರೆ ಅಂಕ ಸಿಗದಲ್ಲವೇ? 1962ರಲ್ಲಿ ಮಾಸ್ಕೋದಲ್ಲೇ ಅವರು ವಿಶ್ವ ಚಾಂಪಿಯನ್ನರಾದರು. 1964ರ ಅಕ್ಟೋಬರ್ 23ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಸೋವಿಯತ್ ತಂಡವನ್ನು 3–0ಯಿಂದ ಸೋಲಿಸಿ ಚಿನ್ನ ಗೆದ್ದರು.

ನಮಗಿಲ್ಲದ್ದನ್ನು ನೆನೆದು ಕೊರಗುವ ಬದಲು ಇರುವುದನ್ನು ಹರಿತಗೊಳಿಸಬೇಕು ಎಂಬುದು ಇಲ್ಲಿಯ ಪಾಠ. ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ದೈಮಾತ್ಸು ದಣಿದು ಬಿದ್ದವರತ್ತಲೂ ಚೆಂಡು ಎಸೆಯುತ್ತಿದ್ದರು, ಕಟುವಾಗಿ ಬೈಯುತ್ತಿದ್ದರು. ಆ ಕಾಲದಲ್ಲೇ ಇದಕ್ಕೆ ಟೀಕೆ ಬಂದಿತ್ತು. ತಮ್ಮ ಇಚ್ಛೆಯಿಂದಲೇ ಆ ಶ್ರಮವನ್ನು ಪಟ್ಟೆವೆಂದು ಆಟಗಾರ್ತಿಯರು ಮುಂದೆ ಹೇಳಿದ್ದುಂಟು. ಆದರೂ ಅವರ ಗೆಲುವನ್ನು ನೋಡಿ, ಮಕ್ಕಳನ್ನು ಬೈದು ಬಡಿದರೇ ಪದಕ ಬರುತ್ತದೆ ಎಂದು ಯಾರಾದರೂ ತಿಳಿದರೆ ಅದು ದೊಡ್ಡ ತಪ್ಪು. 2013ರಲ್ಲಿ ಜಪಾನಿನ ಕ್ರೀಡಾ ಸಂಸ್ಥೆಗಳೇ ಒಟ್ಟುಗೂಡಿ, ತರಬೇತಿಯಲ್ಲಿ ಹಿಂಸೆಗೆ ಎಡೆಯಿಲ್ಲವೆಂದು ಘೋಷಿಸಿದವು. ಕಷ್ಟದ ಅಭ್ಯಾಸ ಬೇರೆ, ಅವಮಾನ ಬೇರೆ. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದನ್ನು ಶಿಸ್ತೆಂದು ಒಪ್ಪಿಕೊಳ್ಳಬೇಡಿ. ಅಂಥದು ನಡೆದರೆ ಮನೆಯ ಹಿರಿಯರಿಗೋ ನಂಬಿಕೆಯ ಅಧ್ಯಾಪಕರಿಗೋ ತಿಳಿಸಿ.

ಇನ್ನು ಎರಡನೆಯವರು ಹೂಲಿಯೋ ವೆಲಾಸ್ಕೊ. 1952ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿದ ಇವರು ಕಾಲೇಜಿನಲ್ಲಿ ಓದಿದ್ದು ತತ್ತ್ವಶಾಸ್ತ್ರ. ಇಟಲಿಗೆ ಹೋಗಿ 1989ರಲ್ಲಿ ಆ ದೇಶದ ಪುರುಷರ ತಂಡದ ಹೊಣೆ ಹೊತ್ತರು. ಅದೇ ವರ್ಷ ಇಟಲಿ ಯುರೋಪಿನ ಚಾಂಪಿಯನ್ ಆಯಿತು. 1990 ಮತ್ತು 1994ರಲ್ಲಿ ವಿಶ್ವ ಚಾಂಪಿಯನ್ ಆಯಿತು.

ಇವರ ಮುಖ್ಯ ಬೋಧನೆ ನೆಪಗಳ ಬಗ್ಗೆ. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಬಲೆಯ ಬಳಿ ತಡೆಯುವಾಗಿನ ಸ್ಪರ್ಶ ಬಿಟ್ಟರೆ ಒಬ್ಬರೇ ಸತತವಾಗಿ ಎರಡು ಸಲ ಮುಟ್ಟುವಂತಿಲ್ಲ. ಒಬ್ಬರು ಎದುರಾಳಿಯ ಸರ್ವೀಸನ್ನು ತೆಗೆದುಕೊಳ್ಳಬೇಕು, ಇನ್ನೊಬ್ಬರು ಎತ್ತಿಕೊಡಬೇಕು, ಮತ್ತೊಬ್ಬರು ಹೊಡೆಯಬೇಕು. ಹೀಗಾಗಿ ನೆಪಕ್ಕೆ ಇಲ್ಲಿ ಅವಕಾಶ ಹೆಚ್ಚು. ಹೊಡೆಯುವವನು ಚೆಂಡನ್ನು ಸರಿಯಾಗಿ ಎತ್ತಿಕೊಡಲಿಲ್ಲ ಎನ್ನುತ್ತಾನೆ. ಎತ್ತಿಕೊಡುವವನು ಹಿಂದಿನಿಂದಲೇ ಚೆಂಡು ಸರಿಯಾಗಿ ಬರಲಿಲ್ಲ ಎನ್ನುತ್ತಾನೆ. ಹಿಂದಿನವನು ತಿರುಗಿ ನೋಡಿದರೆ ದೂರಲು ಯಾರೂ ಇಲ್ಲ. ದೀಪದ ಬೆಳಕು ಕಣ್ಣಿಗೆ ಹೊಡೆಯಿತು ಎನ್ನುತ್ತಾನೆ! ನಮ್ಮಲ್ಲೂ ಗಾದೆಯಿದೆಯಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಒಳ್ಳೆಯ ಚೆಂಡು ಬಂದಾಗ ಹೊಡೆಯುವುದು ಎಲ್ಲರಿಗೂ ಬರುತ್ತದೆ, ಕೆಟ್ಟ ಚೆಂಡನ್ನು ಏನು ಮಾಡಬೇಕೆಂದು ಕಲಿಯುವುದೇ ನಿಜವಾದ ಕಲಿಕೆ ಎಂಬುದು ವೆಲಾಸ್ಕೊ ಅವರ ವಿಚಾರ.

ಇಂಥವರಿಗೂ ಒಲಿಂಪಿಕ್ ಚಿನ್ನ ಸುಲಭವಾಗಿ ಒಲಿಯಲಿಲ್ಲ. 1996ರ ಅಟ್ಲಾಂಟಾ ಫೈನಲ್ಲಿನಲ್ಲಿ ಇಟಲಿ ನೆದರ್ಲೆಂಡ್ಸ್ ವಿರುದ್ಧ ಐದನೆಯ ಸೆಟ್ಟಿನಲ್ಲಿ 15–17ರಿಂದ ಸೋತಿತು. ಅಲ್ಲಿಂದ ಇಪ್ಪತ್ತೆಂಟು ವರ್ಷ ಕಳೆಯಿತು. 2024ರ ಆಗಸ್ಟ್ 11ರಂದು ಪ್ಯಾರಿಸ್ಸಿನಲ್ಲಿ ಇಟಲಿಯ ಮಹಿಳಾ ತಂಡ ಅಮೆರಿಕವನ್ನು 3–0ಯಿಂದ ಸೋಲಿಸಿ, ವಾಲಿಬಾಲಿನಲ್ಲಿ ಆ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದಿತು. ಆಗ ತರಬೇತುದಾರರಾಗಿದ್ದವರು ಎಪ್ಪತ್ತೆರಡು ವರ್ಷದ ಅದೇ ವೆಲಾಸ್ಕೊ. ಒಂದು ಪರೀಕ್ಷೆಯಲ್ಲಿ ನಪಾಸಾದೊಡನೆ ಬದುಕೇ ಮುಗಿಯಿತೆಂದು ಕುಳಿತುಬಿಡುವವರು ಈ ಇಪ್ಪತ್ತೆಂಟು ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕು.

ಮೂರನೆಯವರು ಬ್ರೆಜಿಲ್ ದೇಶದ ಜೋಸೆ ರಾಬರ್ಟೊ ಗಿಮರಾಯ್ಸ್. ಪುರುಷರ ತಂಡ, ಮಹಿಳೆಯರ ತಂಡ ಎರಡಕ್ಕೂ ಒಲಿಂಪಿಕ್ ಚಿನ್ನ ಗೆಲ್ಲಿಸಿಕೊಟ್ಟ ಹೆಗ್ಗಳಿಕೆ ಇವರದು. 1992ರಲ್ಲಿ ಪುರುಷರೊಡನೆ ಗೆದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ಮಹಿಳೆಯರ ತಂಡ ಸೆಮಿಫೈನಲ್ಲಿನಲ್ಲಿ ರಷ್ಯಾದ ವಿರುದ್ಧ 2–1 ಸೆಟ್ಟುಗಳಿಂದ ಮುಂದಿತ್ತು. ನಾಲ್ಕನೆಯ ಸೆಟ್ಟಿನಲ್ಲಿ ಅಂಕ 24–19. ಇನ್ನೊಂದೇ ಅಂಕ ಬಂದಿದ್ದರೆ ಫೈನಲ್. ಆ ಒಂದು ಅಂಕ ಬರಲೇ ಇಲ್ಲ. ಸೆಟ್ಟೂ ಹೋಯಿತು, ಪಂದ್ಯವೂ ಹೋಯಿತು. 24–19 ಎಂಬ ಸಂಖ್ಯೆ ಬ್ರೆಜಿಲ್ಲಿನಲ್ಲಿ ಬಹುಕಾಲ ನೋವಿನ ಗುರುತಾಗಿ ಉಳಿಯಿತು.

ಗಿಮರಾಯ್ಸ್ ಬಿಟ್ಟು ಹೋಗಲಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ತಂಡ ಚಿನ್ನ ಗೆದ್ದಿತು. 2012ರಲ್ಲಿ ಲಂಡನ್ನಿನಲ್ಲಿ ಮತ್ತೆ ಅದೇ ರಷ್ಯಾ ಕ್ವಾರ್ಟರ್ ಫೈನಲ್ಲಿನಲ್ಲಿ ಎದುರಾಯಿತು. ಈ ಸಲ ಅಂಚಿಗೆ ಬಂದು ನಿಂತದ್ದು ಬ್ರೆಜಿಲ್. ಐದನೆಯ ಸೆಟ್ಟಿನಲ್ಲಿ ರಷ್ಯಾಕ್ಕೆ ಪಂದ್ಯ ಮುಗಿಸುವ ಅವಕಾಶ ಆರು ಸಲ ಬಂತು. ಆರನ್ನೂ ಉಳಿಸಿಕೊಂಡ ಬ್ರೆಜಿಲ್ 21–19ರಿಂದ ಗೆದ್ದಿತು. ಕೊನೆಗೆ ಚಿನ್ನವನ್ನೂ ಗೆದ್ದಿತು.

ಇದೇ ಲಂಡನ್ ಕಥೆಯಲ್ಲಿ ಇನ್ನೊಬ್ಬ ತರಬೇತುದಾರರನ್ನು ಮರೆಯಬಾರದು. ಗುಂಪಿನ ಹಂತದಲ್ಲಿ ಬ್ರೆಜಿಲ್ ಎರಡು ಪಂದ್ಯ ಸೋತು ಹೊರಬೀಳುವ ಸ್ಥಿತಿಯಲ್ಲಿತ್ತು. ಅದು ಮುಂದಕ್ಕೆ ಹೋಗಬೇಕಾದರೆ ಅಮೆರಿಕ ತಂಡ ಟರ್ಕಿಯನ್ನು ಸೋಲಿಸಬೇಕಾಗಿತ್ತು. ಅಮೆರಿಕದ ಸ್ಥಾನ ಆಗಲೇ ಭದ್ರವಾಗಿತ್ತು. ಸಡಿಲವಾಗಿ ಆಡಿ ಸೋತಿದ್ದರೆ ಬಲಿಷ್ಠ ಎದುರಾಳಿಯೊಂದು ದಾರಿಯಿಂದ ತೊಲಗುತ್ತಿತ್ತು. ಹ್ಯೂ ಮೆಕ್‌ಕಚನ್ ತರಬೇತಿಯ ಅಮೆರಿಕ ತಂಡ ಹಾಗೆ ಮಾಡಲಿಲ್ಲ. 3–0ಯಿಂದ ಗೆದ್ದಿತು. ಫೈನಲ್ಲಿನಲ್ಲಿ ಅದೇ ಬ್ರೆಜಿಲ್ ಅಮೆರಿಕವನ್ನು ಸೋಲಿಸಿತು! ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗಿ ಬಂತು ಎನ್ನಿ. ಆದರೆ ಆ ಬೆಳ್ಳಿ ಪದಕವನ್ನು ಅವರು ತಲೆ ತಗ್ಗಿಸದೆ ಧರಿಸಬಹುದು. ಪರೀಕ್ಷಾ ಕೊಠಡಿಯಲ್ಲಿ ಕುಳಿತಾಗ ಈ ಮಾತು ನಿಮಗೆ ನೆನಪಾದರೆ ನನ್ನ ಭಾಷಣ ಸಾರ್ಥಕ.

ಕೊನೆಯವರು ಚೀನಾದ ಲಾಂಗ್ ಪಿಂಗ್. ಆಟಗಾರ್ತಿಯಾಗಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಇವರ ಹೊಡೆತಕ್ಕೆ ಜನ ಕೊಟ್ಟ ಹೆಸರು ಕಬ್ಬಿಣದ ಸುತ್ತಿಗೆ. 1996ರಲ್ಲಿ ತರಬೇತುದಾರರಾಗಿ ಚೀನಾಕ್ಕೆ ಬೆಳ್ಳಿ ತಂದರು. 2005ರಲ್ಲಿ ಅಮೆರಿಕದ ಮಹಿಳಾ ತಂಡಕ್ಕೆ ತರಬೇತುದಾರರಾದರು. 2008ರಲ್ಲಿ ಬೀಜಿಂಗ್ ನಗರದಲ್ಲೇ, ತಾಯ್ನಾಡಿನ ಜನರ ಮುಂದೆಯೇ, ಇವರ ತಂಡ ಚೀನಾವನ್ನು 3–2ರಿಂದ ಸೋಲಿಸಿತು. ಅಂದು ಅವರ ಮನಸ್ಸು ಹೇಗಿದ್ದಿರಬೇಕೆಂದು ನೀವೇ ಊಹಿಸಿಕೊಳ್ಳಿ. ಒಪ್ಪಿಕೊಂಡ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡುವುದು ಯಾವಾಗಲೂ ಹಿತವಾಗಿರುವುದಿಲ್ಲ.

2013ರಲ್ಲಿ ಅವರು ಮತ್ತೆ ಚೀನಾ ತಂಡಕ್ಕೆ ಬಂದರು. ಕೆಲವೇ ಹೆಸರಾಂತ ಆಟಗಾರ್ತಿಯರನ್ನು ನೆಚ್ಚಿ ಕೂರದೆ ಬಹಳ ಮಂದಿ ಹೊಸಬರನ್ನು ಕರೆದು ಅವಕಾಶ ಕೊಟ್ಟರು. ಹಾಗೆ ಬೆಳೆದವರಲ್ಲಿ ಜು ಟಿಂಗ್ ಒಬ್ಬರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈ ತಂಡ ಗುಂಪಿನ ಐದು ಪಂದ್ಯಗಳಲ್ಲಿ ಮೂರನ್ನು ಸೋತಿತು. ಹೇಗೋ ನಾಲ್ಕನೆಯ ಸ್ಥಾನ ಪಡೆದು ಮುಂದೆ ಹೋಯಿತು. ಅಲ್ಲಿ ಎದುರಾದದ್ದು ಒಂದು ಸೆಟ್ಟನ್ನೂ ಸೋಲದೆ ಬಂದಿದ್ದ ಆತಿಥೇಯ ಬ್ರೆಜಿಲ್, ಅಂದರೆ ಗಿಮರಾಯ್ಸ್ ಅವರ ತಂಡ. ಚೀನಾ 3–2ರಿಂದ ಗೆದ್ದಿತು. ಗುಂಪಿನ ಹಂತದಲ್ಲಿ ತನ್ನನ್ನು ಸೋಲಿಸಿದ್ದ ನೆದರ್ಲೆಂಡ್ಸನ್ನು ಸೆಮಿಫೈನಲ್ಲಿನಲ್ಲೂ ಸರ್ಬಿಯಾವನ್ನು ಫೈನಲ್ಲಿನಲ್ಲೂ ಸೋಲಿಸಿತು. ಆಟಗಾರ್ತಿಯಾಗಿಯೂ ತರಬೇತುದಾರರಾಗಿಯೂ ಒಲಿಂಪಿಕ್ ವಾಲಿಬಾಲಿನಲ್ಲಿ ಚಿನ್ನ ಗೆದ್ದ ಮೊದಲಿಗರು ಲಾಂಗ್ ಪಿಂಗ್. ಐದು ವರ್ಷಗಳ ನಂತರ ಟೋಕಿಯೋದಲ್ಲಿ ಅವರ ತಂಡ ಕ್ವಾರ್ಟರ್ ಫೈನಲ್ಲಿಗೂ ಬರಲಿಲ್ಲ. ಅವರು ಹುದ್ದೆಯಿಂದ ಇಳಿದರು. ಗೆಲುವು ಯಾರ ಮನೆಯಲ್ಲೂ ಶಾಶ್ವತವಾಗಿ ನಿಲ್ಲುವುದಿಲ್ಲ.

ಮಿತ್ರರೇ, ಈ ತರಬೇತುದಾರರೆಲ್ಲ ಬೇರೆ ಬೇರೆ ದೇಶದವರು, ಬೇರೆ ಬೇರೆ ಸ್ವಭಾವದವರು. ಆದರೆ ಪ್ರತಿಯೊಬ್ಬರೂ ಹಿಂದಿನ ಚೆಂಡನ್ನು ನೆನೆಯುತ್ತ ನಿಲ್ಲದೆ ಮುಂದಿನ ಚೆಂಡಿಗೆ ತಂಡವನ್ನು ಸಿದ್ಧಗೊಳಿಸಿದವರು. ನಾಳೆ ಸಂಜೆ ಮೈದಾನಕ್ಕೆ ಹೋದಾಗ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಅಂಕ ಹೋದಾಗ ಗೆಳೆಯನ ಕಡೆ ಬೆರಳು ತೋರಿಸದೆ, ಆ ಚೆಂಡಿಗೆ ನಾನು ಇನ್ನೇನು ಮಾಡಬಹುದಿತ್ತು ಎಂದು ಕೇಳಿಕೊಳ್ಳಿ. ಬದಿಯಲ್ಲಿ ಸುಮ್ಮನೆ ಕುಳಿತು ನೋಡುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಒಂದು ಸೆಟ್ಟಿಗೆ ಆಡಲು ಕರೆಯಿರಿ. ನಿಮ್ಮ ತಂಡ ಅಂದು ಸೋತರೂ ಸೋಲಬಹುದು. ಆದರೆ ಮುಂದಿನ ವಾರ ನಿಮ್ಮ ತಂಡದಲ್ಲಿ ಆಡಬಲ್ಲವರು ಒಬ್ಬರು ಹೆಚ್ಚಾಗಿರುತ್ತಾರೆ.