ಏಟು ನಿಂತ ಮೇಲೂ ನಿಲ್ಲದ ನೆನಪು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಗಿದೆ. ತವರಿನ ಹತ್ತಿರ ಒಂದು ಕೋಣೆ, ಸಂಘದ ಸಾಲದಲ್ಲಿ ಕೊಂಡ ಹೊಲಿಗೆ ಯಂತ್ರ, ಶಾಲೆಗೆ ಹೋಗುವ ಮಗಳು. ಈಗ ಹೊಡೆಯುವವರು ಯಾರೂ ಇಲ್ಲ. ಆದರೂ ರಾತ್ರಿ ಬೀದಿಯಲ್ಲಿ ಮೋಟಾರು ಸೈಕಲ್ಲು ನಿಂತ ಸದ್ದಾದರೆ ಕೈಕಾಲು ತಣ್ಣಗಾಗುತ್ತವೆ. ಮಲ್ಲಿಗೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ, ಏಕೆಂದರೆ ಹೊಡೆದ ಮಾರನೆಯ ಸಂಜೆ ಅವನು ತಪ್ಪದೆ ಮಲ್ಲಿಗೆ ತರುತ್ತಿದ್ದ. ಹಡಗಲಿ ಸೀಮೆಯಲ್ಲಿ ಮಲ್ಲಿಗೆಯ ವಾಸನೆ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು?

ಇದು ಒಬ್ಬಳ ಕಥೆಯಲ್ಲ. ಹಲವರಿಂದ ಕೇಳಿದ್ದನ್ನು ಕೂಡಿಸಿ ಹೇಳುತ್ತಿದ್ದೇನೆ. ಇಂಥವಳಿಗೆ ಮನೆಯವರು ಕೊಡುವ ಉತ್ತರ ನಿಮಗೂ ಗೊತ್ತು: ಗಾಳಿ ಸೋಕಿದೆ, ತಾಯಿತ ಕಟ್ಟಿಸು, ಇಲ್ಲವೇ, ಆಗಿದ್ದು ಆಯಿತು, ಮರೆತುಬಿಡು. ಮರೆಯುವುದು ಅವಳ ಕೈಯಲ್ಲಿದ್ದರೆ ಅವಳು ಎಂದೋ ಮರೆಯುತ್ತಿದ್ದಳು.

ನಾನು ವೈದ್ಯೆಯಲ್ಲ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಸಾಮಾನ್ಯವಾದ ನೆನಪು ದಿನ ಕಳೆದಂತೆ ಮಾಸುತ್ತದೆ, ಹಳೆಯದು ಎಂಬ ಗುರುತು ಅದಕ್ಕೆ ಬೀಳುತ್ತದೆ. ಜೀವಕ್ಕೆ ಹೆದರಿದ ಗಳಿಗೆಯ ನೆನಪು ಹಾಗೆ ಮಾಸದೆ ಉಳಿದುಬಿಡಬಹುದು. ಅದು ಮರಳಿ ಬಂದಾಗ ಹಿಂದೆ ನಡೆದದ್ದು ಎಂದು ಅನ್ನಿಸುವುದಿಲ್ಲ, ಈಗಲೇ ನಡೆಯುತ್ತಿದೆ ಎಂದು ಮೈ ನಂಬುತ್ತದೆ. ಬೆಚ್ಚುವುದು, ಕೆಟ್ಟ ಕನಸು, ನಿದ್ದೆಯಿಲ್ಲದಿರುವುದು, ಯಾರ ಮೇಲೂ ನಂಬಿಕೆ ಬಾರದಿರುವುದು ಎಲ್ಲ ಇದರ ಲಕ್ಷಣಗಳೇ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಇಂಥ ಪಾಡನ್ನು ಕಂಡ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಗಂಡಸು ರಣರಂಗದಲ್ಲಿ ಹೆದರಿದರೆ ಅದಕ್ಕೆ ಒಂದು ಹೆಸರಿದೆ, ಹೆಂಗಸು ಅಡುಗೆಮನೆಯಲ್ಲಿ ಹೆದರಿದರೆ ಅವಳಿಗೆ ಹುಚ್ಚು!

ಈ ನೋವಿಗೆ ಇರುವ ಚಿಕಿತ್ಸೆಗಳಲ್ಲಿ ಒಂದು ಕಣ್ಣಿನ ಚಲನೆಯ ಚಿಕಿತ್ಸೆ. ಇ.ಎಂ.ಡಿ.ಆರ್. ಎನ್ನುತ್ತಾರೆ. ಇದನ್ನು ಕಂಡುಕೊಂಡವರು ಫ್ರಾನ್ಸಿನ್ ಶಪಿರೋ ಎಂಬ ಅಮೆರಿಕದ ಮಹಿಳೆ. 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಹೊರಳಿದಂತೆ ಮನಸ್ಸನ್ನು ಕಾಡುತ್ತಿದ್ದ ಯೋಚನೆಯ ತೀವ್ರತೆ ಇಳಿದದ್ದನ್ನು ಆಕೆ ಗಮನಿಸಿದರು. 1989ರಲ್ಲಿ ತಮ್ಮ ಮೊದಲ ಅಧ್ಯಯನ ಪ್ರಕಟಿಸಿದರು. ಅತ್ಯಾಚಾರಕ್ಕೆ ಒಳಗಾದ ಮಹಿಳೆಯರೂ ಯುದ್ಧ ಕಂಡ ಸೈನಿಕರೂ ಆ ಅಧ್ಯಯನದಲ್ಲಿದ್ದರು.

ಮಾಡುವ ಕ್ರಮ ಹೀಗೆ. ಮೊದಲ ಕೆಲವು ಭೇಟಿಗಳಲ್ಲಿ ನೆನಪನ್ನು ಮುಟ್ಟುವುದೇ ಇಲ್ಲ. ಪರಿಚಯ, ವಿಶ್ವಾಸ, ಎದೆ ಹೊಡೆದುಕೊಂಡಾಗ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಅಭ್ಯಾಸ, ಇಷ್ಟೇ. ಆಮೇಲೆ ಒಂದು ಘಟನೆಯನ್ನು, ಆಗ ತನ್ನ ಬಗ್ಗೆ ಮೂಡಿದ ಮಾತನ್ನು, ಮೈಯಲ್ಲಿ ಎಲ್ಲಿ ಬಿಗಿಯುತ್ತದೆ ಎಂಬುದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲು ಹೇಳುತ್ತಾರೆ. ಚಿಕಿತ್ಸಕಿ ಎರಡು ಬೆರಳನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾರೆ. ತಲೆ ಅಲುಗಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಅರ್ಧ ನಿಮಿಷದಷ್ಟಾದ ಮೇಲೆ ನಿಲ್ಲಿಸಿ ‘ಈಗ ಏನು ಬಂತು?’ ಎಂದು ಕೇಳುತ್ತಾರೆ. ಮತ್ತೆ ಬೆರಳು, ಮತ್ತೆ ಪ್ರಶ್ನೆ. ಒಂದು ಭೇಟಿ ಗಂಟೆಯಿಂದ ಒಂದೂವರೆ ಗಂಟೆ. ‘ತಪ್ಪು ನನ್ನದೇ’ ಎಂದು ಒಳಗೆ ಕೂತಿದ್ದ ಮಾತು ನಿಧಾನವಾಗಿ ‘ತಪ್ಪು ಅವನದು, ನಾನು ಬದುಕಿ ಬಂದೆ’ ಎಂದಾಗುವುದೇ ಗುರಿ.

ಬೆರಳಾಡಿಸಿದರೆ ಭಯ ಹೋಗುತ್ತದೆಯೇ ಎಂದು ನೀವು ನಗಬಹುದು. ನಾನೂ ಕೇಳಿದೆ. ಒಂದು ವಿವರಣೆ ಹೀಗಿದೆ: ಒಂದು ಗಳಿಗೆಯಲ್ಲಿ ಮನಸ್ಸು ಹಿಡಿಯುವುದು ಸ್ವಲ್ಪವೇ. ಹೆಂಚಿನ ಮೇಲಿನ ರೊಟ್ಟಿ ಸೀಯದಂತೆ ನೋಡುತ್ತಾ ಸಂಘದ ಲೆಕ್ಕ ಕೂಡಿಸಿ ನೋಡಿ, ಎರಡೂ ಪೂರ್ತಿ ಆಗುವುದಿಲ್ಲ. ಹಾಗೆಯೇ ಬೆರಳನ್ನು ಹಿಂಬಾಲಿಸುತ್ತಾ ನೆನೆದಾಗ ಆ ಚಿತ್ರ ಮಂಕಾಗುತ್ತದೆ, ಮಂಕಾದಂತೆಯೇ ಮತ್ತೆ ಒಳಗೆ ಕೂರುತ್ತದೆ. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ. ಸುರಕ್ಷಿತ ಜಾಗದಲ್ಲಿ ಧೈರ್ಯವಾಗಿ ನೆನೆಯುವುದೇ ಗುಣ ಕೊಡುತ್ತದೆ, ಕಣ್ಣಿನ ಪಾತ್ರ ಹೆಚ್ಚಿಲ್ಲ ಎನ್ನುವವರಿದ್ದಾರೆ. ಗುಣವಾಗುತ್ತದೆ ಎಂಬುದರ ಬಗ್ಗೆ ಮಾತ್ರ ಒಳ್ಳೆಯ ಆಧಾರವಿದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ, ಮಾತಿನ ಮೂಲಕ ಯೋಚನೆ ತಿದ್ದುವ ಇನ್ನೊಂದು ಚಿಕಿತ್ಸೆಯನ್ನೂ ಶಿಫಾರಸು ಮಾಡಿತು. ಇದರಲ್ಲಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಹೊತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ನೆನಪು ಅಳಿಸಿಹೋದರೆ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಹೇಗೆ? ಅಳಿಸುವುದಿಲ್ಲ. ಘಟನೆ ನೆನಪಿರುತ್ತದೆ, ಅದರ ಉರಿ ಇಳಿಯುತ್ತದೆ. ಆದರೂ ಕೇಸು ನಡೆಯುತ್ತಿದ್ದರೆ ಚಿಕಿತ್ಸೆಗೆ ಮೊದಲು ವಕೀಲರಿಗೂ ಚಿಕಿತ್ಸಕಿಗೂ ತಿಳಿಸಿಡುವುದು ಜಾಣತನ.

ಇನ್ನು ನನಗೆ ಆತಂಕ ತರುವ ವಿಷಯ. ಏಟು ಇನ್ನೂ ಬೀಳುತ್ತಿರುವಾಗ ಹೆದರಿಕೆ ರೋಗವಲ್ಲ, ಅವಳನ್ನು ಕಾಯುವ ನಾಯಿ. ಆ ನಾಯಿಯ ಬಾಯಿ ಕಟ್ಟಿ ಅವಳನ್ನು ಅದೇ ಮನೆಗೆ ಕಳಿಸುವುದಕ್ಕೆ ಯಾವ ಚಿಕಿತ್ಸೆಯೂ ಬಳಕೆಯಾಗಬಾರದು. ‘ಡಾಕ್ಟರಿಗೆ ತೋರಿಸಿ, ಸ್ವಲ್ಪ ಹೊಂದಿಕೊಂಡು ಹೋಗಲಿ’ ಎಂದು ಪಂಚಾಯ್ತಿಯಲ್ಲಿ ಹೇಳುವ ಹಿರಿಯರಿದ್ದಾರೆ. ಮೊದಲು ಅವಳು ಸುರಕ್ಷಿತವಾಗಬೇಕು, ನೆನಪಿನ ಚಿಕಿತ್ಸೆ ಆಮೇಲೆ. ಹಾಗೆಯೇ ನೀವು ನೀವೇ ಸಂಘದ ಸಭೆಯಲ್ಲಿ ಬೆರಳಾಡಿಸಲು ಹೋಗಬೇಡಿ. ಕೆದಕಿದ ಗಾಯವನ್ನು ಕಟ್ಟಲು ಬರದವರು ಕೆದಕಬಾರದು.

ಈ ಐದು ತಾಲ್ಲೂಕುಗಳಿಗೆ ಮನಸ್ಸಿನ ಚಿಕಿತ್ಸೆ ಹೊಸದಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯನ್ನು ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆಗ ಇವೆಲ್ಲ ಅದೇ ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯ ಬಳಿಯೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿದ್ದು ಇದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಸೀಮೆಯಲ್ಲಿ ಏಟು ತಿಂದ ಹೆಣ್ಣು ತಾಯಿತಕ್ಕೇ ನಿಲ್ಲಬೇಕೇ?

ಕಣ್ಣಿನ ಚಲನೆಯ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು ಹೆಚ್ಚಾಗಿ ದೊಡ್ಡ ಊರುಗಳಲ್ಲಿದ್ದಾರೆ. ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್, 14416, ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೊಡೆತ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181. ಆಸ್ಪತ್ರೆಗೆ ಹೋಗುವವಳ ಜೊತೆ ಸಂಘದಿಂದ ಒಬ್ಬರು ಹೋಗಿ, ಹೊರಗಿನ ಬೆಂಚಿನಲ್ಲಿ ಕೂತರೂ ಸಾಕು.

ಖರ್ಚಿನ ಮಾತು ಬಂದೇ ಬರುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೆಯ ಕಲಮಿನಲ್ಲಿ ವೈದ್ಯಕೀಯ ವೆಚ್ಚವನ್ನೂ, 22ನೆಯ ಕಲಮಿನಲ್ಲಿ ಮಾನಸಿಕ ಹಿಂಸೆಗೆ ಪರಿಹಾರವನ್ನೂ ಕೇಳಬಹುದು. ರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಿ. ಅರ್ಜಿಯಲ್ಲಿ ಮೈಮೇಲಿನ ಗಾಯವನ್ನಷ್ಟೇ ಬರೆಸಬೇಡಿ, ನಿದ್ದೆ ಇಲ್ಲದ್ದನ್ನೂ ಬೆಚ್ಚುವುದನ್ನೂ ಬರೆಸಿ. ವೈದ್ಯರ ಚೀಟಿ, ಔಷಧಿಯ ರಸೀದಿ, ಬಸ್ಸಿನ ಟಿಕೇಟು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ, ಅವಳ ಮನೆಯಲ್ಲಿ ಇಡಲು ಭಯವಿದ್ದರೆ ಸಂಘದ ಪೆಟ್ಟಿಗೆಯಲ್ಲಿ ಇಡಿ.