ದೂರ ಯಾವುದು, ಹತ್ತಿರ ಯಾವುದು?



ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆ ಎಂಬ ಊರಿದೆ. ಅಲ್ಲೀಗ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವಾಗಿದೆ. 2023ರ ಫೆಬ್ರವರಿ 27ರಂದು ಅದರ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಂದಿನಿಂದ ಭಕ್ತರು, "ಬುದ್ಧೀ, ಇನ್ನು ಬೆಂಗಳೂರು ಒಂದು ಗಂಟೆಯ ದಾರಿ" ಎನ್ನುತ್ತಾರೆ. ಸಂತೋಷವೇ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಮಾಡೋಣ.

ರಸ್ತೆಯಲ್ಲಿ ಹೋದರೆ ಬೆಂಗಳೂರು ಸುಮಾರು 300 ಕಿಲೋಮೀಟರ್. ಆಕಾಶದಲ್ಲಿ ಸುಮಾರು 240. ವಿಮಾನ ಹಾರುವುದು ಒಂದು ಗಂಟೆಯ ಆಸುಪಾಸು. ಆದರೆ ಬೆಂಗಳೂರಿನ ಮನೆಯಿಂದ ದೇವನಹಳ್ಳಿ ಮುಟ್ಟಲು ಒಂದೂವರೆ ಗಂಟೆ, ಅಲ್ಲಿ ತಪಾಸಣೆಗೂ ಕಾಯುವುದಕ್ಕೂ ಒಂದೂವರೆ ಗಂಟೆ, ಇಳಿದ ಮೇಲೆ ಭದ್ರಾವತಿಯ ಮನೆ ಸೇರಲು ಇನ್ನರ್ಧ ಗಂಟೆ. ಕೂಡಿದರೆ ನಾಲ್ಕೂವರೆ ಗಂಟೆ! ರೈಲು ಐದು ಗಂಟೆಗೆ ತಂದು ಬಿಡುತ್ತದೆ. ಮಳೆ ಮಂಜು ಕವಿದ ದಿನ ವಿಮಾನ ಇಳಿಯದೆ ಹಿಂದಿರುಗುವುದೂ ಉಂಟು.

ಹಾಗೆಂದು ನಾವು ವಿಮಾನವನ್ನು ಹಳಿಯುತ್ತಿಲ್ಲ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದುದರಿಂದಲೇ ಬಂಡಿಯ ದಿನಗಳ ಪಯಣ ಗಂಟೆಗಳಿಗೆ ಇಳಿಯಿತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು, ಊರಿಗೆ ಅನ್ನವಾಯಿತು. ದಾರಿಯಾದರೆ ಕಾಯಕ ಬೆಳೆಯುತ್ತದೆ. ದೆಹಲಿಯಲ್ಲೋ ಹೊರದೇಶದಲ್ಲೋ ಇರುವ ಮಗ ತಾಯಿಯ ಕೊನೆಯುಸಿರಿಗೆ ಮುಂಚೆ ಬಂದು ಮುಟ್ಟಿದರೆ, ಆ ಒಂದು ಗಳಿಗೆಗೆ ಬೆಲೆ ಕಟ್ಟುವವರಾರು? ಈ ನಿಲ್ದಾಣಕ್ಕೆ 700 ಎಕರೆಗೂ ಮಿಕ್ಕಿ ನೆಲ ಹೋಗಿದೆ. ಹಾರುವವರು ಆ ನೆಲವನ್ನು ಉತ್ತು ಬಿತ್ತಿದವರನ್ನು ನೆನೆಯಬೇಕು.

ನಮ್ಮ ಕಳವಳ ಬೇರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಸುಮಾರು 20 ಕಿಲೋಮೀಟರ್. ಬಸ್ಸಿಗೆ ಮುಕ್ಕಾಲು ಗಂಟೆ ಸಾಕು. ಅಣ್ಣ ತುಂಗೆಯ ನೀರು ಕುಡಿಯುತ್ತಾನೆ, ತಮ್ಮ ಭದ್ರೆಯ ನೀರು ಕುಡಿಯುತ್ತಾನೆ. ಆ ಎರಡು ಹೊಳೆಗಳು ಕೂಡಲಿಯಲ್ಲಿ ಕೂಡುತ್ತವೆ, ಅಣ್ಣತಮ್ಮಂದಿರು ಕೂಡುವುದಿಲ್ಲ. ಎರಡು ಗುಂಟೆ ತೋಟದ ಪಾಲಿಗಾಗಿ ಹತ್ತು ವರ್ಷ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದಿರುವುದಿಲ್ಲ. ಬೆಂಗಳೂರಿಗೆ ಹಾರುವಾಗ ಇಬ್ಬರೂ ಒಂದೇ ಸೋಗಾನೆಗೆ ಬರುತ್ತಾರೆ. ಎದುರಾದರೆ ಮುಖ ತಿರುಗಿಸುತ್ತಾರೆ. ಈ ದೂರವನ್ನು ಯಾವ ವಿಮಾನ ದಾಟಿಸೀತು?

ಇದೇ ಜಿಲ್ಲೆಯ ಉಡುತಡಿಯಿಂದ ಅಕ್ಕಮಹಾದೇವಿ ಕಲ್ಯಾಣಕ್ಕೆ ಹೋದಳು. ಹಕ್ಕಿ ಹಾರುವ ನೇರದಲ್ಲೇ ಅದು 400 ಕಿಲೋಮೀಟರಿಗೆ ಮಿಗಿಲು. ಹೋಗಲೇಬೇಕೆಂಬ ಮನಸ್ಸಿತ್ತು, ದಾರಿ ಸವೆಯಿತು.

ಆದ್ದರಿಂದ ನಾವು ಹೇಳುವುದಿಷ್ಟೆ. ಉಳಿಸಿದ ಹೊತ್ತು ಪೆಟ್ಟಿಗೆಯಲ್ಲಿಡುವ ಹಣವಲ್ಲ. ಯಾರಿಗಾಗಿ ಕಳೆದಿರೋ ಅವರಲ್ಲಿ ಮಾತ್ರ ಅದು ಉಳಿಯುತ್ತದೆ. ಬೆಂಗಳೂರಿಗೆ ಬೇಕಾದರೆ ನಾಳೆ ಹಾರಿರಿ. ಇಂದು ಸಂಜೆ, ಮಾತು ಬಿಟ್ಟವರ ಮನೆಗೆ ಬಸ್ಸು ಹತ್ತಿರಿ.