ನಂಬರು ನಮ್ಮದು, ಚೌಕಾಸಿಯ ಹಕ್ಕೂ ನಮ್ಮದು

(ಸಿರುಗುಪ್ಪ, ಕುರುಗೋಡು ಮತ್ತು ಬಳ್ಳಾರಿ ನಗರದ ಸಭೆಗಳಲ್ಲಿ ಮಾಡಿದ ಭಾಷಣ)



ಭತ್ತದ ಚೀಲ ತೂಕಕ್ಕೆ ಬಿದ್ದಾಗ ಕಣ್ಣು ಮಿಟುಕಿಸದೆ ತಕ್ಕಡಿ ನೋಡುವವರು ಸಿರುಗುಪ್ಪದ ರೈತರು. ತೇವ ಎಂದು ಹೇಳಿ ಒಂದು ಕಿಲೋ ಹೆಚ್ಚಿಗೆ ಮುರಿದರೆ ಮಿಲ್ಲಿನ ಬಾಗಿಲಲ್ಲೇ ತಕರಾರು ಎತ್ತುತ್ತಾರೆ. ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರು ಕ್ವಿಂಟಲಿಗೆ ನೂರು ರೂಪಾಯಿಯ ಸಲುವಾಗಿ ಅರ್ಧ ದಿನ ವಾದಿಸುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಪ್ಯಾಂಟಿಗೆ ಒಂದು ರೂಪಾಯಿ ಕೂಲಿ ಹೆಚ್ಚಾಗಬೇಕೆಂದು ಮಾಲೀಕರ ಮುಂದೆ ನಿಂತು ಕೇಳುತ್ತಾರೆ. ಇಷ್ಟೆಲ್ಲ ಚೌಕಾಸಿ ಬಲ್ಲ ನಾವು ಒಂದು ವ್ಯಾಪಾರದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಫೋನಿನಲ್ಲಿ "ನಿಮ್ಮ ವ್ಯಾಲಿಡಿಟಿ ಮುಗಿಯಿತು" ಎಂಬ ಸಂದೇಶ ಬಂದ ಕೂಡಲೆ ಅಂಗಡಿಗೆ ಹೋಗಿ, ಅಂಗಡಿಯವನು ಹೇಳಿದಷ್ಟು ಎಣಿಸಿ ಕೊಟ್ಟು ಬರುತ್ತೇವೆ. ಯಾತಕ್ಕೆ ಎಂದು ಕೇಳುವುದಿಲ್ಲ. ಬೇರೆ ದರ ಉಂಟೇ ಎಂದೂ ಕೇಳುವುದಿಲ್ಲ.

ಇದು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. ಇಂದು ಫೋನು ಶೋಕಿಯ ವಸ್ತುವಾಗಿ ಉಳಿದಿಲ್ಲ. ಬ್ಯಾಂಕಿನ ಸಂದೇಶ ಆ ನಂಬರಿಗೆ ಬರುತ್ತದೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಜಮೆಯಾಯಿತೇ ಎಂದು ತಾಯಂದಿರು ತಿಳಿಯುವುದು ಅದರಿಂದ. ಬೆಂಗಳೂರಿಗೆ ಗುಳೆ ಹೋದ ಮಗನ ದನಿ ಕೇಳುವುದೂ ಅದರಿಂದಲೇ. ನಂಬರು ನಿಂತರೆ ಸಂಸಾರದ ಬಾಗಿಲೇ ಮುಚ್ಚಿದಂತೆ. ಈ ಭಯವೇ ನಮ್ಮನ್ನು ಮಾತಾಡದಂತೆ ಮಾಡಿದೆ. ಭಯವಿದ್ದಲ್ಲಿ ಚೌಕಾಸಿ ಇಲ್ಲ. ಆದ್ದರಿಂದ ಆ ಭಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಮೊದಲು ನೋಡೋಣ.

ಒಂದು ಕಾಲದಲ್ಲಿ ಆಧಾರವಿತ್ತು. ಕಂಪನಿ ಬಿಟ್ಟರೆ ನಂಬರೂ ಬಿಡಬೇಕಾಗಿತ್ತು. ಹೊಸ ನಂಬರನ್ನು ನೆಂಟರಿಗೆ, ಬ್ಯಾಂಕಿಗೆ, ಗಿರಾಕಿಗಳಿಗೆ ಸಾರಿ ಹೇಳುವ ತೊಂದರೆಗೆ ಹೆದರಿ ಜನ ಹಳೆಯ ಕಂಪನಿಗೇ ಅಂಟಿಕೊಂಡಿದ್ದರು. ಈ ಕಟ್ಟು ಹರಿದದ್ದು 2011ರ ಜನವರಿ 20ರಂದು. ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕು ಅಂದು ದೇಶಾದ್ಯಂತ ಜಾರಿಗೆ ಬಂತು. ಜನ ಇದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ. ಅಂದಿನಿಂದ ನಂಬರಿಗಾಗಿ ಒಂದೇ ಕಂಪನಿಗೆ ಕಟ್ಟುಬೀಳುವ ಕಾರಣ ಉಳಿದಿಲ್ಲ. ಆದರೆ ಹಕ್ಕು ಬಂದದ್ದು ಗೊತ್ತಿಲ್ಲದವನಿಗೆ ಹಕ್ಕು ಇದ್ದೂ ಇಲ್ಲದಂತೆಯೇ ಸರಿ.

ಕಂಪನಿಯವರೊಡನೆ ಮಾತಿಗೆ ಕೂಡುವ ಮುಂಚೆ ನಮ್ಮ ಮನೆಯ ಲೆಕ್ಕ ನಮಗೆ ಗೊತ್ತಿರಬೇಕು. ಕ್ಯಾಲೆಂಡರಿನ ವರ್ಷಕ್ಕೆ ತಿಂಗಳು ಹನ್ನೆರಡು. ಕಂಪನಿಯ ವರ್ಷಕ್ಕೆ ಹದಿಮೂರು. ಅವರ ತಿಂಗಳು 28 ದಿನದ್ದು, 13 ಸಾರಿ 28 ಎಂದರೆ 364 ದಿನ. 299 ರೂಪಾಯಿಯ ಪ್ಯಾಕು ಹಾಕಿಸುವವರು ವರ್ಷಕ್ಕೆ 12 ಕಂತು, ಅಂದರೆ 3588 ರೂಪಾಯಿ ಎಂದುಕೊಂಡಿರುತ್ತಾರೆ. ಕೊಡುವುದು 13 ಕಂತು, 3887 ರೂಪಾಯಿ. ಕೂಲಿಯವನಿಗೆ ಹದಿಮೂರನೆಯ ತಿಂಗಳ ಸಂಬಳ ಯಾರೂ ಕೊಡುವುದಿಲ್ಲ. ಹದಿಮೂರನೆಯ ತಿಂಗಳ ಬಾಡಿಗೆ ಮಾತ್ರ ಅವನಿಂದ ವಸೂಲಾಗುತ್ತದೆ. ಈ ಕುರಿತು ದೂರುಗಳು ಬಂದ ಮೇಲೆ ಟ್ರಾಯ್, ಅಂದರೆ ಟೆಲಿಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ, 2022ರ ಜನವರಿಯಲ್ಲಿ ಒಂದು ಆಜ್ಞೆ ಮಾಡಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಯಾಕನ್ನೂ ಇಟ್ಟಿರಲೇಬೇಕು. ಅಂಗಡಿಯಲ್ಲಿ ಅದನ್ನು ಹೆಸರಿಟ್ಟು ಕೇಳಿ. ಕೇಳದಿದ್ದರೆ ತೋರಿಸುವುದಿಲ್ಲ. ಕೇಳಿದ ಮೇಲೂ ದಿನದ ಲೆಕ್ಕ ಹಾಕದೆ ಒಪ್ಪಬೇಡಿ.

ಎರಡನೆಯ ಲೆಕ್ಕ, ನಾವು ಕೊಳ್ಳುವುದರಲ್ಲಿ ಎಷ್ಟನ್ನು ಬಳಸುತ್ತೇವೆ ಎಂಬುದು. ಕಳೆ ತೆಗೆಯಲು ಹೋಗುವ ತಾಯಿಯೊಬ್ಬಳ ಕೈಯಲ್ಲಿ ಗುಂಡಿ ಒತ್ತುವ ಸಾದಾ ಫೋನಿದೆ ಎಂದಿಟ್ಟುಕೊಳ್ಳಿ. ಅವಳಿಗೆ ಬೇಕಾದುದು ಮಾತು. ಇಂಟರ್ನೆಟ್ಟು ಅವಳ ಫೋನಿನಲ್ಲಿ ತೆರೆಯುವುದೇ ಇಲ್ಲ. ಆದರೂ ಬಹುಕಾಲ ಅವಳು ಡೇಟಾ ಸೇರಿದ ಪ್ಯಾಕಿಗೇ ಹಣ ತೆರಬೇಕಾಗಿತ್ತು. ಹಾಲು ಕೇಳಿದವಳಿಗೆ ಎಮ್ಮೆಯನ್ನೂ ಕಟ್ಟಿಕೋ ಎಂದ ಹಾಗಾಯಿತು ಇದು. 2024ರ ಜುಲೈನಲ್ಲಿ ಟ್ರಾಯ್ ಈ ಪ್ರಶ್ನೆಯ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕಂಪನಿಗಳು ಇದರ ಅಗತ್ಯವಿಲ್ಲ ಎಂದವು. ಆದರೂ ಡಿಸೆಂಬರ್ 23ರಂದು ನಿಯಮ ಹೊರಬಿತ್ತು: ಬರಿಯ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಬೇಕು; ಅದರ ಅವಧಿ 365 ದಿನಗಳವರೆಗೂ ಇರಬಹುದು.

ಮುಂದೆ ಆದದ್ದನ್ನು ಗಮನಿಸಿ. 2025ರ ಜನವರಿಯಲ್ಲಿ ಏರ್‌ಟೆಲ್ ಅಂಥ ಪ್ಯಾಕನ್ನು ಮೊದಲು 84 ದಿನಕ್ಕೆ 499 ರೂಪಾಯಿ, 365 ದಿನಕ್ಕೆ 1959 ರೂಪಾಯಿ ಎಂದು ಇಟ್ಟಿತು. ಈ ದರಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಪ್ರಕಟಿಸಿದ ಬೆನ್ನಿಗೇ ಅವು 469ಕ್ಕೂ 1849ಕ್ಕೂ ಇಳಿದವು. ಜಿಯೋ 84 ದಿನದ ಪ್ಯಾಕನ್ನು 458ರಿಂದ 448ಕ್ಕೆ ಇಳಿಸಿತು. ದರವೆಂಬುದು ಕಲ್ಲಿನ ಮೇಲೆ ಕೊರೆದ ಶಾಸನವೇನೂ ಅಲ್ಲ, ಕೇಳುವವರಿದ್ದರೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮ ತಾಯಿಯ ಲೆಕ್ಕಕ್ಕೆ ಬರೋಣ. ಅದೇ ಕಾಲದಲ್ಲಿ ಏರ್‌ಟೆಲ್ಲಿನ 28 ದಿನದ ಪ್ಯಾಕು 199 ರೂಪಾಯಿ. ಮೂರು ಸಾರಿ ಹಾಕಿಸಿದರೆ 84 ದಿನಕ್ಕೆ 597. ಮಾತಿನ ಪ್ಯಾಕಾದರೆ 469. ಉಳಿತಾಯ 128 ರೂಪಾಯಿ. ವರ್ಷದ ಲೆಕ್ಕದಲ್ಲಿ 13 ಸಾರಿ 199 ಎಂದರೆ 2587. ವರ್ಷದ ಪ್ಯಾಕು 1849. ಉಳಿತಾಯ 738 ರೂಪಾಯಿ. ದರಗಳು ಮುಂದೆ ಏರಬಹುದು, ಇಳಿಯಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಬದಲಾಗುವುದಿಲ್ಲ: ಹಣವನ್ನು ದಿನಗಳಿಂದ ಭಾಗಿಸಿ, ದಿನಕ್ಕೆಷ್ಟು ಬಿತ್ತೆಂದು ನೋಡಿ. 199ರ ಪ್ಯಾಕಿನಲ್ಲಿ ದಿನಕ್ಕೆ ಏಳು ರೂಪಾಯಿ ಮೀರುತ್ತದೆ, 1849ರದರಲ್ಲಿ ಐದು ರೂಪಾಯಿ ಆರೇಳು ಪೈಸೆ. ಐದನೆಯ ತರಗತಿಯ ಮಗು ಈ ಲೆಕ್ಕವನ್ನು ಮಾಡಬಲ್ಲದು. ಮನೆಯ ಮಕ್ಕಳ ಕೈಯಲ್ಲೇ ಮಾಡಿಸಿರಿ.

"ಒಟ್ಟಿಗೆ 1849 ಎಲ್ಲಿಂದ ತರೋಣ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಒಟ್ಟಿಗೆ ಕೊಡಬಲ್ಲವನಿಗೆ ಅಗ್ಗ, ಬಿಡಿಬಿಡಿಯಾಗಿ ಕೊಡುವವನಿಗೆ ತುಟ್ಟಿ. ಬಡವನ ಉಪ್ಪು ಯಾವಾಗಲೂ ಸಾಹುಕಾರನ ಉಪ್ಪಿಗಿಂತ ತುಟ್ಟಿ ಎಂಬ ಹಳೆಯ ಅನ್ಯಾಯ ಫೋನಿನಲ್ಲೂ ನಡೆದಿದೆ. ಇದಕ್ಕೆ ನಮ್ಮ ಕೈಯಲ್ಲೇ ಒಂದು ಉಪಾಯವುಂಟು. ಸ್ತ್ರೀಶಕ್ತಿ ಸಂಘಗಳಲ್ಲಿ ಬೀಜಕ್ಕೆ, ಮಕ್ಕಳ ಫೀಸಿಗೆ ಸಾಲ ಕೊಡುವ ಹಾಗೆ ವರ್ಷದ ಫೋನು ಪ್ಯಾಕಿಗೂ ಕೊಡಬಹುದು. ತಿಂಗಳಿಗೆ ನೂರೈವತ್ತೈದು ರೂಪಾಯಿ ತೀರಿಸುತ್ತ ಹೋದರೆ ವರ್ಷದೊಳಗೆ ಅಸಲು ಮುಗಿಯುತ್ತದೆ. ಇನ್ನೊಂದು ಲಾಭವಿದೆ: ವರ್ಷದ ಹಣ ಮೊದಲೇ ಕಟ್ಟಿದ ಮೇಲೆ ಆ ಅವಧಿ ಮುಗಿಯುವವರೆಗೆ ಕಂಪನಿ ಆ ದರವನ್ನು ಏರಿಸುವಂತಿಲ್ಲ.

ಮೂರನೆಯದು, ಮಾತಿಗೆ ಕೂಡುವ ರೀತಿ. ಬಿಲ್ಲು ಕಟ್ಟುವ ಪೋಸ್ಟ್‌ಪೇಯ್ಡ್ ಗಿರಾಕಿಗಳು, ಹತ್ತಾರು ನಂಬರು ಇಟ್ಟುಕೊಂಡ ಬಳ್ಳಾರಿಯ ಅಂಗಡಿಯವರು, ಸಣ್ಣ ಜೀನ್ಸ್ ಘಟಕದವರು ಹೀಗೆ ಮಾಡಬೇಕು. ಮೂರು ತಿಂಗಳ ಬಿಲ್ಲನ್ನು ಮುಂದಿಟ್ಟುಕೊಳ್ಳಿ. ಬಳಸಿದ್ದೆಷ್ಟು, ಕೊಟ್ಟದ್ದೆಷ್ಟು, ಬಗಲಿನ ಕಂಪನಿಯ ದರವೆಷ್ಟು ಎಂದು ಬರೆದುಕೊಳ್ಳಿ. ಆಮೇಲೆ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಕೋಪವಿಲ್ಲದೆ, ದೈನ್ಯವೂ ಇಲ್ಲದೆ ಕೇಳಿ: "ಇಷ್ಟು ವರ್ಷದ ಗಿರಾಕಿ ನಾನು. ಇಷ್ಟೇ ಬಳಸುತ್ತೇನೆ. ಇದಕ್ಕೆ ತಕ್ಕ ದರ ನಿಮ್ಮಲ್ಲಿ ಯಾವುದು?" ಕೊಡುತ್ತೇವೆ ಎಂದರೆ ಆ ಮಾತನ್ನು ಸಂದೇಶದಲ್ಲಿ ಕಳಿಸಲು ಹೇಳಿ. ಬಾಯಿಮಾತಿನ ರಿಯಾಯಿತಿ ಮುಂದಿನ ಬಿಲ್ಲಿಗೆ ಕಾಣುವುದಿಲ್ಲ.

ಕೇಳದೆ ಹಾಕಿದ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸೇವೆಗಳಿಗೆ ಹಣ ಕಡಿತವಾಗಿದ್ದರೆ ಸುಮ್ಮನಿರಬೇಡಿ. ಗಿರಾಕಿಯ ಎರಡನೆಯ ಒಪ್ಪಿಗೆಯಿಲ್ಲದೆ ಅಂಥ ಸೇವೆ ಆರಂಭಿಸಬಾರದೆಂದು 2013ರಲ್ಲೇ ಆದೇಶವಾಗಿದೆ. ನಿಲ್ಲಿಸುವುದಕ್ಕೆ 155223 ಎಂಬ ಸಂಖ್ಯೆ ಇದೆ. ದೂರಿಗೆ 198. ದೂರು ಕೊಟ್ಟ ಕೂಡಲೆ ಡಾಕೆಟ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆ ಸಂಖ್ಯೆ ಇಲ್ಲದವನ ದೂರು ಗಾಳಿಗೆ ಹೇಳಿದ ಮಾತು.

ನಮ್ಮಲ್ಲಿ ಬಹುಪಾಲು ಜನ ಮುಂಗಡ ಹಣ ಕಟ್ಟುವ ಪ್ರಿಪೇಯ್ಡ್‌ನವರು. ಅವರಿಗೆ ಎದುರು ಕೂತು ದರ ಇಳಿಸುವ ಗುಮಾಸ್ತೆ ಯಾರೂ ಇಲ್ಲ. ಅವರ ಚೌಕಾಸಿಯ ಆಯುಧ ಒಂದೇ, ಹೊರಡಲು ಸಿದ್ಧನಿದ್ದೇನೆ ಎಂದು ತೋರಿಸುವುದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಹಾಕಿ 1900ಕ್ಕೆ ಸಂದೇಶ ಕಳಿಸಿ. ಎಂಟು ಅಕ್ಷರದ ಒಂದು ಕೋಡು ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಕೋಡು ತರಿಸಿಕೊಂಡ ಮಾತ್ರಕ್ಕೆ ಕಂಪನಿ ಬಿಟ್ಟಂತಾಗುವುದಿಲ್ಲ. ಇಷ್ಟು ದಿನ ನಿಮ್ಮ ಹೆಸರೂ ಕೇಳದ ಕಂಪನಿಯವರು ಆಗ ತಾವಾಗಿ ಕರೆ ಮಾಡಿ "ಏಕೆ ಹೋಗುತ್ತೀರಿ?" ಎಂದು ಕೇಳುವುದುಂಟು. ಮಾತಾಡಬೇಕಾದ ಗಳಿಗೆ ಅದೇ. ಒಳ್ಳೆಯ ದರ ಕೊಟ್ಟರೆ ಇರಿ. ಕೊಡದಿದ್ದರೆ ಆಧಾರ್ ಕಾರ್ಡು, ಕೋಡು ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಕರ್ನಾಟಕದ ನಂಬರಾದರೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕು. ಸಿರುಗುಪ್ಪದ ಗಡಿಯಾಚೆ ಆದೋನಿಯಲ್ಲಿ ಕೊಂಡ ಆಂಧ್ರದ ನಂಬರನ್ನು ಈ ಕಡೆ ತರುವುದಾದರೆ ಐದು ದಿನ. ಪ್ಯಾಕು ಮುಗಿದುಹೋಗಿದ್ದರೂ 1900ಕ್ಕೆ ಸಂದೇಶ ಕಳಿಸುವ ಸೌಲಭ್ಯವನ್ನು ತಡೆಯಕೂಡದೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ನಿರ್ದೇಶನ ಕೊಟ್ಟಿದೆ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ಬಿಲ್ಲಿನ ಬಾಕಿ ಇರಬಾರದು. ಹಳೆಯ ಪ್ಯಾಕಿನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ, ಆದ್ದರಿಂದ ಅವಧಿ ಮುಗಿಯುವ ಹೊತ್ತಿಗೆ ಹೊರಡಿ. ಹೊಸ ಕಂಪನಿಯ ಸಿಗ್ನಲ್ಲು ನಿಮ್ಮ ಮನೆಯಲ್ಲಿ, ಹೊಲದ ಬದುವಿನಲ್ಲಿ ಸಿಗುತ್ತದೆಯೇ ಎಂದು ನೆರೆಯವರ ಫೋನಿನಲ್ಲಿ ಮೊದಲು ನೋಡಿ. ಆ ಕೋಡನ್ನು ಗುರುತಿಲ್ಲದವರಿಗೆ, ಫೋನಿನಲ್ಲಿ ಕೇಳಿದವರಿಗೆ ಎಂದಿಗೂ ಹೇಳಬೇಡಿ. ನಂಬರಿನ ಹಿಂದೆ ನಿಮ್ಮ ಬ್ಯಾಂಕಿದೆ.

ಇನ್ನು ಕೊನೆಯ ಮಾತು. ಒಬ್ಬೊಬ್ಬರ ಚೌಕಾಸಿಗೆ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. 2018ರ ಕೊನೆಯಲ್ಲಿ ಏರ್‌ಟೆಲ್ಲಿನಲ್ಲಿ ನಂಬರನ್ನು 28 ದಿನ ಜೀವಂತ ಇಡಲು 35 ರೂಪಾಯಿ ಸಾಕಾಗಿತ್ತು. ಅದರಲ್ಲಿ ಸಿಗುತ್ತಿದ್ದ ಮಾತು ಕಡಿಮೆ, ನಿಜ. ಆದರೆ ಬರುವ ಕರೆಗಾಗಿ ಮಾತ್ರ ಫೋನು ಇಟ್ಟುಕೊಂಡವರಿಗೆ ಅಷ್ಟೇ ಬೇಕಾಗಿತ್ತು. 2024ರ ಜುಲೈ 3 ಮತ್ತು 4ರಂದು ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೊಂದು ದರ ಏರಿಸಿದವು. ಸಂತೆಯ ಮೂರು ಅಂಗಡಿಗಳೂ ಒಟ್ಟಿಗೆ ಬೆಲೆ ಏರಿಸಿದರೆ ಅಂಗಡಿ ಬದಲಿಸಿ ಎಷ್ಟು ಲಾಭ? ಆ ತಿಂಗಳು ಮೂರೂ ಕಂಪನಿಗಳು ಗಿರಾಕಿಗಳನ್ನು ಕಳೆದುಕೊಂಡವು. ದರ ಏರಿಸದ ಸರ್ಕಾರಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಜನ ಹೆಚ್ಚಿದರು. ಆದರೆ ನವೆಂಬರಿನ ಹೊತ್ತಿಗೆ ಅದರ ಸಂಖ್ಯೆಯೂ ಇಳಿಯತೊಡಗಿತು. ಅಗ್ಗದ ದರವೊಂದಿದ್ದರೆ ಸಾಲದು, ಸಿಗ್ನಲ್ಲೂ ಬೇಕು. ನಾಡಿನ ಸ್ವಂತ ಕಂಪನಿ ಗಟ್ಟಿಯಾಗಿ ನಿಂತರೆ ಮಿಕ್ಕವರ ದರಕ್ಕೂ ಲಗಾಮು ಬೀಳುತ್ತದೆ. ಆದ್ದರಿಂದ ಹಳ್ಳಿಗಳ ಬಿಎಸ್‌ಎನ್‌ಎಲ್ ಟವರುಗಳು ಚೆನ್ನಾಗಿ ನಡೆಯಬೇಕೆಂದು ಕೇಳುವುದೂ ನಮ್ಮ ಚೌಕಾಸಿಯ ಒಂದು ಭಾಗವೇ.

ಟ್ರಾಯ್ ಅಭಿಪ್ರಾಯ ಕೇಳಿದಾಗ ಕಂಪನಿಗಳ ವಕೀಲರು ಪುಟಗಟ್ಟಲೆ ಬರೆದು ಕಳಿಸುತ್ತಾರೆ. ಕುರುಗೋಡಿನಿಂದ ಎಷ್ಟು ಕಾಗದ ಹೋದವು? ಸಿರುಗುಪ್ಪದಿಂದ ಎಷ್ಟು? ಮುಂದಿನ ಸಾರಿ ಹೋಗಲಿ. ಅದಕ್ಕೆ ಮುಂಚೆ ಪ್ರತಿ ಓಣಿಯಲ್ಲೂ ಓದುಬರಹ ಬಲ್ಲ ಇಬ್ಬರು ಹುಡುಗರು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹಿರಿಯರ ಫೋನುಗಳನ್ನು ನೋಡಲಿ: ಯಾವ ಪ್ಯಾಕು, ಎಷ್ಟು ದಿನ, ದಿನಕ್ಕೆಷ್ಟು, ಬೇಡದ ಸೇವೆ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಇಷ್ಟಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ನಮ್ಮ ಹಣದ ಲೆಕ್ಕವನ್ನು ನಾವು ಕೇಳತೊಡಗಿದ ದಿನವೇ ಎದುರಿನವನು ಸರಿಯಾಗಿ ಉತ್ತರ ಕೊಡಲು ಕಲಿಯುತ್ತಾನೆ.